ಬಣ್ಣ ಹಚ್ಚಿದವರ ನಾಮಶಾಸ್ತ್ರ: ಕಡೂರು ಸೀಮೆಗೆ ಅನ್ವಯಿಸಿದಂತೆ

ಅಧ್ಯಯನದ ಎಲ್ಲೆಯನ್ನು ಮೊದಲೇ ಗೊತ್ತುಪಡಿಸುವುದು ಶಾಸ್ತ್ರಸಮ್ಮತ. ಪ್ರಸ್ತುತ ಸಂಶೋಧನೆಯು ಕಡೂರು, ತರೀಕೆರೆ, ಅಜ್ಜಂಪುರ ಎಂಬ ಮೂರು ತಾಲ್ಲೂಕುಗಳಿಗೆ ಸೀಮಿತ. ವೇಷಧಾರಿಗಳ ಹೆಸರನ್ನು ಹುಡುಕಲು ಇದೇ ಸೀಮೆ ಏಕೆ ಎಂಬುದು ಪೂರ್ವಪಕ್ಷ. ಉತ್ತರ: ಇಲ್ಲಿ ಜಿಲ್ಲೆಯೇ ವೇಷ ಹಾಕಿತ್ತು. 1865ರಲ್ಲಿ ಕಚೇರಿ ಚಿಕ್ಕಮಗಳೂರಿಗೆ ಹೋದರೂ 1947ರವರೆಗೆ ಜಿಲ್ಲೆಯ ಹೆಸರು ಕಡೂರು ಎಂದೇ ಉಳಿಯಿತು. ಎಂಬತ್ತಕ್ಕೂ ಹೆಚ್ಚು ವರ್ಷ ಬಣ್ಣ ಅಳಿಸದೆ ರಂಗದ ಮೇಲೆ ನಿಂತ ಇಂಥ ಪಾತ್ರಧಾರಿ ಬೇರೆಲ್ಲಿ ಸಿಕ್ಕಾನು? ಅಜ್ಜಂಪುರವಂತೂ ತರೀಕೆರೆಯ ಮೇಳದಲ್ಲಿ ಬಹುಕಾಲ ಹೋಬಳಿಯ ಪಾರ್ಟು ಮಾಡಿ, ಈಚೆಗಷ್ಟೇ ತಾಲ್ಲೂಕಿನ ಕಿರೀಟ ಧರಿಸಿದೆ.

ಲಭ್ಯ ನಾಮಾವಳಿಯನ್ನು ಪರಿಶೀಲಿಸಲಾಗಿ ಹೊರಬಿದ್ದ ಮೂಲಸೂತ್ರ ಇದು: ಹೆಸರು ವೇಷವನ್ನು ಅನುಸರಿಸುವುದಿಲ್ಲ, ದುಡ್ಡನ್ನು ಅನುಸರಿಸುತ್ತದೆ. ದುಡ್ಡು ಕೊಡುವ ಗಳಿಗೆ ದೂರವಿದ್ದಷ್ಟೂ ಹೆಸರು ದೊಡ್ಡದು, ಹತ್ತಿರವಾದಷ್ಟೂ ಸಣ್ಣದು.

ವೀರಗಾಸೆಯನ್ನೇ ತೆಗೆದುಕೊಳ್ಳೋಣ. ಕಾವಿ ಕಚ್ಚೆ, ತಲೆಗೆ ಬಿಳಿ ಚೌರಿ, ಕೊರಳಿಗೆ ರುದ್ರಾಕ್ಷಿ, ಎದೆಗೆ ವೀರಭದ್ರನ ಹಲಗೆ, ಕಾಲಿಗೆ ಗಗ್ಗರ, ಕೈಯಲ್ಲಿ ಕತ್ತಿ. ಕರಡೆ, ಸಮಾಳ ಶುರುವಾಗಿ ದಕ್ಷಯಜ್ಞದ ಒಡಪು ಹೇಳುವಾಗ ಈತ ಸಾಕ್ಷಾತ್ ವೀರಭದ್ರ. ಮನೆಯೊಡೆಯ ಕಾಲಿಗೆ ನೀರು ಹಾಕಿ ‘ಸ್ವಾಮಿ’ ಅನ್ನುತ್ತಾನೆ. ಸಮ್ಮೇಳನದ ಕರೆಯೋಲೆಯಲ್ಲಿ ಈತನೇ ‘ನಾಡಿನ ಹೆಮ್ಮೆಯ ಜಾನಪದ ಕಲಾವಿದರು’. ಮೆರವಣಿಗೆ ಹೊರಟಾಗ ಕೀಲುಕುದುರೆ, ಗಾರುಡಿ ಗೊಂಬೆಗಳ ಜೊತೆ ಸೇರಿ ‘ಕಲಾತಂಡ’ವಾಗುತ್ತಾನೆ. ಅಲ್ಲಿಗೆ ವ್ಯಕ್ತಿ ಕರಗಿ ಸಮೂಹವಾಚಕ ಉಳಿಯಿತು. ಸಂಜೆ ಖಜಾಂಚಿ ಚೀಲ ಬಿಚ್ಚುವಾಗ ಕೇಳುವ ಪ್ರಶ್ನೆ: “ಕುಣಿಯೋರು ಎಷ್ಟ್ ಜನ ಇದೀರ?” ಅದೇ ಮೈ, ಅದೇ ಹಲಗೆ, ಅದೇ ಬೆವರು. ದಕ್ಷನಿಗೂ ಒಂದೇ ದಿನದಲ್ಲಿ ತಲೆ ಬದಲಾಯಿತು, ನಿಜ. ಆದರೆ ಅವನಿಗೆ ಒಂದೇ ಸಲ.

ಹಗಲುವೇಷದ ಸಮಾಸ ವೈಯಾಕರಣರಿಗೆ ಸಿಹಿತಿಂಡಿ. ಹಗಲುವೇಷವಿದ್ದ ಮೇಲೆ ರಾತ್ರಿವೇಷವೂ ಇರಬೇಕಲ್ಲ? ಇಲ್ಲ. ರಾತ್ರಿ ವೇಷ ಹಾಕಿದವರನ್ನು ಬಯಲಾಟದವರು ಎನ್ನುತ್ತಾರೆ, ಇಲ್ಲವೇ ಹಿಡಿದು ಸ್ಟೇಷನ್ನಿಗೆ ಒಪ್ಪಿಸುತ್ತಾರೆ. ಹಗಲುವೇಷದವರು ಊರಾಚೆ ಬೀಡುಬಿಟ್ಟು, ದಿನಕ್ಕೊಂದು ವೇಷ ಕಟ್ಟಿ, ಹಾರ್ಮೋನಿಯಂ ಹಿಡಿದು ಬೀದಿ ಸುತ್ತಿ, ಕೊನೆಯ ದಿನ ಸಂಭಾವನೆ ಎತ್ತುತ್ತಾರೆ. ನಮ್ಮ ಸೂತ್ರಕ್ಕೆ ಇದಕ್ಕಿಂತ ಶುದ್ಧ ಪ್ರಯೋಗಶಾಲೆ ಬೇಡ. ಮೊದಲ ದಿನ ಹುಡುಗರ ಬಾಯಲ್ಲಿ “ರಾಮ ಬಂದ!” ನಡುವಿನ ದಿನಗಳಲ್ಲಿ “ಆಂಜನೇಯ ಬಂದ!” ಕೊನೆಯ ದಿನ ಒಳಮನೆಯಿಂದ ಹಿರಿಯರ ದನಿ: “ಹಗಲುವೇಸ್ದೋರು ಬಂದವ್ರೆ, ಮುಂದಕ್ಕೆ ಹೋಗಿ ಅನ್ನು.”

ನಮ್ಮ ಸೂತ್ರಕ್ಕೆ ಅಪವಾದವೊಂದಿದೆ. ಪೌರಾಣಿಕ ನಾಟಕದಲ್ಲಿ ದುಡ್ಡು ತಿರುಗಿ ಹರಿಯುತ್ತದೆ. ‘ಕುರುಕ್ಷೇತ್ರ’ ಆಡಿಸುವಾಗ ಡ್ರಾಮಾ ಮೇಷ್ಟ್ರಿಗೂ ಸೀನರಿಯ ಬಾಡಿಗೆಗೂ ಪಾರ್ಟು ಮಾಡುವವನೇ ತೆರುತ್ತಾನೆ; ಕೃಷ್ಣ, ದುರ್ಯೋಧನರಿಗೆ ದರ ಜಾಸ್ತಿ, ದೂತನಿಗೆ ರಿಯಾಯಿತಿ. ಕೈಯಿಂದ ದುಡ್ಡು ಕೊಟ್ಟವನ ಹೆಸರು ಕರಪತ್ರದಲ್ಲಿ ಫೋಟೋ ಸಮೇತ, ‘ಶ್ರೀ’ ಸಮೇತ, ತಂದೆಯ ಹೆಸರಿನ ಸಮೇತ ಅಚ್ಚಾಗುತ್ತದೆ. ಆದರೆ ಊರು ಕರಪತ್ರ ಓದುವುದಿಲ್ಲ. ಶಕುನಿಯ ಪಾರ್ಟು ಮಾಡಿದವನು ಮುಂದೆ ಪಂಚಾಯ್ತಿ ಮೆಂಬರಾದರೂ ಶಕುನಿಯೇ. ಮೆಂಬರಾದ ಮೇಲಂತೂ ಹೆಸರು ಇನ್ನಷ್ಟು ಗಟ್ಟಿ.

ಬಯಲುಸೀಮೆಯ ಬಯಲಾಟವನ್ನು ಜೀ.ಶಂ. ಪರಮಶಿವಯ್ಯನವರಂಥ ಜಾನಪದ ವಿದ್ವಾಂಸರು ‘ಮೂಡಲಪಾಯ ಯಕ್ಷಗಾನ’ವೆಂದು ಅಭ್ಯಸಿಸಿದರು. ಆಡುವವರು ಈಗಲೂ ‘ಆಟ’ ಅನ್ನುತ್ತಾರೆ. ಅದರಲ್ಲಿ ನಗಿಸಲು ಬರುವ ಕೋಡಂಗಿಯ ಪಾಡು ಕರುಣಾಜನಕ: ರಂಗದ ಮೇಲೆ ಅದು ಪಾತ್ರ, ಕೆಳಗಿಳಿದರೆ ಬೈಗುಳ.

ಐತಿಹಾಸಿಕ ಅವಲೋಕನ. ಹನ್ನೆರಡನೆಯ ಶತಮಾನದಲ್ಲಿ ಬಹುರೂಪಿ ಚೌಡಯ್ಯ, ನಗೆಯ ಮಾರಿತಂದೆ ಎಂಬ ಶರಣರು ಕಸುಬನ್ನೇ ಹೆಸರಿನ ಮುಂದೆ ಬಿರುದಿನಂತೆ ಇಟ್ಟುಕೊಂಡಿದ್ದರು. ಹಳಗನ್ನಡದ ‘ಪಗರಣ’ವೆಂದರೂ ವೇಷದ ಆಟವೇ, ಅದೇ ‘ಹಗರಣ’ವಾಯಿತು. ಉತ್ತರ ಕನ್ನಡದಲ್ಲಿ ಸುಗ್ಗಿಯ ಹಗರಣದಲ್ಲಿ ಇಂದಿಗೂ ವೇಷವೇ ಬರುತ್ತದೆ. ಪತ್ರಿಕೆಗಳಲ್ಲಿ ಮಾತ್ರ ಅದು ಕೋಟಿಗಳ ಲೆಕ್ಕ. ಬಡ ವೇಷಗಾರನ ಪದವನ್ನೂ ದೊಡ್ಡ ವೇಷದವರು ಹೊಡೆದುಕೊಂಡರು ಎಂಬುದನ್ನು ಭಾಷಾಶಾಸ್ತ್ರವು ‘ಅರ್ಥಪಲ್ಲಟ’ ಎಂಬ ಸಭ್ಯ ಹೆಸರಿನಿಂದ ಗುರುತಿಸಿದೆ.

ಆಧುನಿಕ ಯುಗದ ಕೊಡುಗೆ ಎರಡು. ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾ ಫ್ಲೆಕ್ಸಿನ ಮೇಲೆ ‘ರಸಮಂಜರಿ’ಯಾಗಿ ಸಂಸ್ಕೃತಕ್ಕೆ ಬಡ್ತಿ ಪಡೆದಿದೆ. ಅದರಲ್ಲಿ ಕುಣಿಯುವವರೆಲ್ಲ ‘ಜೂನಿಯರ್’ಗಳು: ಜೂನಿಯರ್ ರಾಜ್‌ಕುಮಾರ್, ಜೂನಿಯರ್ ವಿಷ್ಣುವರ್ಧನ್. ಕೂದಲು ನರೆತರೂ ಸೀನಿಯಾರಿಟಿ ಸಿಗದ ಹುದ್ದೆ ಸರ್ಕಾರದಲ್ಲೂ ಇಲ್ಲ. ಇವರ ನಡುವೆ ಮೈಕು ಬಿಡದ ನಿರೂಪಕ ನಿಲ್ಲುತ್ತಾನೆ. ತರೀಕೆರೆ ಏರಿಯ ಮೇಲಿನ ಮೂರು ಕರಿ ಕುರಿಮರಿಗಳನ್ನು ನಾಲಿಗೆ ತೊಡರದೆ ದಾಟಿಸುವುದು ಈ ಹುದ್ದೆಗೆ ಏಕೈಕ ಅರ್ಹತಾ ಪರೀಕ್ಷೆಯಾಗಬೇಕೆಂದು ಈ ಲೇಖಕನ ಶಿಫಾರಸು.

ನಮ್ಮ ವಿಧಾನವನ್ನು ಅವೈಜ್ಞಾನಿಕ ಎನ್ನುವವರು ದಸರೆಯಲ್ಲಿ ಬೀರೂರಿಗೆ ಹೋಗಲಿ. ಮೈಲಾರಲಿಂಗಸ್ವಾಮಿಯ ಕಾರಣಿಕ ಒಂದೆರಡು ಮಾತು. ಅದರಲ್ಲಿ ಮಳೆ, ಬೆಳೆ, ಮುಖ್ಯಮಂತ್ರಿ ಎಲ್ಲವನ್ನೂ ಕಾಣುವ ಭಾಷ್ಯಕಾರರು ಮರುದಿನ ಚಹಾದ ಅಂಗಡಿಗೊಬ್ಬರಂತೆ ಹುಟ್ಟಿಕೊಳ್ಳುತ್ತಾರೆ. ನಾವು ಹೆಸರಿನಲ್ಲಿ ದುಡ್ಡನ್ನಷ್ಟೇ ಕಂಡಿದ್ದೇವೆ.

ಕಟ್ಟಕಡೆಯ ನಾಮರೂಪ ಮಾಸಾಶನದ್ದು. ಗಗ್ಗರ ಕಟ್ಟಲು ಕಾಲು ಸೋತ ಮೇಲೆ ಕಲಾವಿದ ‘ಅರ್ಜಿದಾರ’ನಾಗುತ್ತಾನೆ, ಮಂಜೂರಾದರೆ ‘ಫಲಾನುಭವಿ’. ಈ ಎರಡು ನಾಮಪದಗಳ ನಡುವೆ ಕಿಟಕಿಯಾಚೆಯಿಂದ ಆತನಿಗೆ ಸಿಗುವ ಸಂಬೋಧನೆ “ನಾಳೆ ಬನ್ನಿ”. ಹಿಂದೊಮ್ಮೆ ಊರೂರಲ್ಲಿ ದೆವ್ವ ಬಾರದಿರಲೆಂದು ಬಾಗಿಲ ಮೇಲೆ ಬರೆಯುತ್ತಿದ್ದುದೂ ಇದೇ, ಏಕವಚನದಲ್ಲಿ. ಕಲಾವಿದರಿಗೆ ಬಹುವಚನ ಬಳಸಿರುವುದನ್ನು ಗೌರವಾರ್ಥವೆಂದೇ ಪರಿಗಣಿಸತಕ್ಕದ್ದು.