ವಿಳಾಸದ ಚೀಟಿ ಕಿತ್ತ ಡಬ್ಬದ ಮಾಲೀಕರಿಗೊಂದು ಬಹಿರಂಗ ಪತ್ರ

ಗಾಜನೂರು ಡ್ಯಾಂ ರಸ್ತೆಯಲ್ಲಿ ಕಾರು ನಿಲ್ಲಿಸಿ, ಡಬ್ಬ ಇಳಿಸಿ, ಹಿಂತಿರುಗಿ ನೋಡದೆ ಹೋದ ಮಹನೀಯರಿಗೆ,

ಮಾನ್ಯರೇ,

ತಾವು ಬಿಟ್ಟುಹೋದ ಬೆಕ್ಕು ಕ್ಷೇಮ. ತಮ್ಮ ಕ್ಷೇಮ ವಿಚಾರಿಸೋಣವೆಂದರೆ ವಿಳಾಸವಿಲ್ಲ. ಆನ್‌ಲೈನಿನಲ್ಲಿ ತರಿಸಿದ್ದ ಯಾವುದೋ ಸಾಮಾನಿನ ಡಬ್ಬ ಅದು. ಅದರ ಮೇಲೆ ಅಂಟಿಸಿದ್ದ ವಿಳಾಸದ ಚೀಟಿಯನ್ನು ತಾವು ಉಗುರಿನಿಂದ ಕೆರೆದು ಕೆರೆದು ಕಿತ್ತಿದ್ದೀರಿ. ಪಿನ್‌ಕೋಡಿನ ಕೊನೆಯ ಒಂದಂಕಿ ಮಾತ್ರ ಉಳಿದಿತ್ತು. ಹಾಗಾಗಿ ಈ ಪತ್ರವನ್ನು ಊರಿಗೆಲ್ಲ ಕೇಳುವಂತೆ ಬರೆಯಬೇಕಾಗಿ ಬಂತು, ಮನ್ನಿಸಬೇಕು.

ಮೊದಲಿಗೆ ತಮ್ಮ ಕರುಣೆಗೆ ನಮಸ್ಕಾರ. ಗಾಳಿಯಾಡಲೆಂದು ಡಬ್ಬದ ನಾಲ್ಕೂ ಬದಿಗೆ ಬಾಲ್‌ಪೆನ್ನಿನಿಂದ ತೂತು ಕೊರೆದಿದ್ದಿರಿ. ತೂತಿನ ಸುತ್ತ ನೀಲಿ ಶಾಯಿ ಇನ್ನೂ ಹಸಿಯಾಗಿತ್ತು. ಕೆಳಗೆ ಹಳೇ ಟವೆಲ್ಲು, ಮೂಲೆಯಲ್ಲಿ ಒಡೆದ ಪಾರ್ಲೆ-ಜಿ ಪೊಟ್ಟಣ. ಇಷ್ಟೆಲ್ಲ ಮಾಡಿದ ಕೈ, ಡಬ್ಬದ ಬಾಯಿಗೆ ಮಾತ್ರ ಮೂರು ಸುತ್ತು ಟೇಪು ಹಾಕಿತ್ತು. ಉಸಿರಾಡಲಿ, ಆದರೆ ವಾಪಸು ಬರದಿರಲಿ ಎಂಬ ತಮ್ಮ ಮನದಿಂಗಿತ ಅಲ್ಲೇ ಅರ್ಥವಾಯಿತು.

ಜಾಗವನ್ನೂ ಚೆನ್ನಾಗಿ ಆರಿಸಿದ್ದೀರಿ. ಶಿವಮೊಗ್ಗದಿಂದ ಸುಮಾರು 12 ಕಿಲೋಮೀಟರ್. ಬೆಕ್ಕು ದಾರಿ ಹಿಡಿದು ಮನೆಗೆ ಮರಳಲಾರದಷ್ಟು ದೂರ, ತಾವು ಮಧ್ಯಾಹ್ನದ ಊಟಕ್ಕೆ ಮರಳಬಹುದಾದಷ್ಟು ಹತ್ತಿರ. ಹಿಂದಿನವರು ಗೋಣಿಚೀಲದಲ್ಲಿ ಹಾಕಿ ಹೊಳೆಯಾಚೆ ಬಿಟ್ಟು ಬರುತ್ತಿದ್ದರು. ಈಗ ಎಲ್ಲರ ಹತ್ತಿರ ಕಾರಿದೆ, ಹೊಳೆಗೆ ಡ್ಯಾಂ ಇದೆ. ಮಳೆಗಾಲದಲ್ಲಿ ರಾಜ್ಯದಲ್ಲೇ ಮೊದಲು ತುಂಬುವ ಡ್ಯಾಂ ನಮ್ಮದು ಎಂಬ ಹೆಮ್ಮೆ ಗಾಜನೂರಿನವರಿಗೆ. ತುಂಬಿದ ಮೇಲೆ ಗೇಟು ಎತ್ತಿ ಹೆಚ್ಚಾದದ್ದನ್ನು ಹೊರಗೆ ಬಿಡುವುದು ಇಲ್ಲಿಯ ವಾಡಿಕೆಯೇ. ಒಂದೇ ವ್ಯತ್ಯಾಸ: ನೀರು ಬಿಡುವ ಮೊದಲು ನೀರಾವರಿಯವರು ನದಿಪಾತ್ರದ ಜನಕ್ಕೆ ಎಚ್ಚರಿಕೆ ಕೊಡುತ್ತಾರೆ.

ತಮ್ಮ ಲೆಕ್ಕಾಚಾರದ ಬಗ್ಗೆಯೂ ಯೋಚಿಸಿದೆ. ಬೆಕ್ಕು ಕೊಂದವರಿಗೆ ಮಹಾಪಾಪ, ಚಿನ್ನದ ಬೆಕ್ಕು ಮಾಡಿಸಿ ದಾನ ಕೊಟ್ಟರೂ ಕಳೆಯುವುದು ಕಷ್ಟ ಎಂದು ನಮ್ಮ ಅಜ್ಜಿಯಂದಿರು ಹೇಳುತ್ತಿದ್ದರು. ಹತ್ತು ಗ್ರಾಂ ಚಿನ್ನ ಲಕ್ಷ ರೂಪಾಯಿ ದಾಟಿರುವ ಈ ಕಾಲದಲ್ಲಿ ಅದರ ಬಾಲ ಮಾಡಿಸುವುದಕ್ಕೂ ಬ್ಯಾಂಕಿನ ಸಾಲ ಬೇಕು. ಆದರೆ ದಾರಿಯಲ್ಲಿ ಬಿಟ್ಟುಬರುವುದಕ್ಕೆ? 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ, ಸಕಾರಣವಿಲ್ಲದೆ ಪ್ರಾಣಿಯನ್ನು ಹಸಿವು ನೀರಡಿಕೆಯಿಂದ ನರಳುವಂತೆ ಬಿಟ್ಟುಹೋಗುವುದು ಅಪರಾಧ. ಮೊದಲ ಸಲಕ್ಕೆ ದಂಡ ಹತ್ತು ರೂಪಾಯಿಗೆ ಕಡಿಮೆಯಿಲ್ಲದಂತೆ, ಐವತ್ತು ರೂಪಾಯಿಗೆ ಮೀರದಂತೆ. 1960ರಲ್ಲಿ ಐವತ್ತು ರೂಪಾಯಿ ಎಂದರೆ ತೂಕದ ಮಾತು. ಇವತ್ತು ಅದಕ್ಕೆ ಡ್ಯಾಮಿನ ಹತ್ತಿರ ಎರಡು ಪ್ಲೇಟು ಮಂಡಕ್ಕಿಯೂ ಬರಲಿಕ್ಕಿಲ್ಲ. ಧರ್ಮಶಾಸ್ತ್ರದಲ್ಲಿ ಚಿನ್ನ, ಕಾನೂನಿನಲ್ಲಿ ಚಿಲ್ಲರೆ. ತಾವು ಚಿಲ್ಲರೆ ಕಡೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ.

ಬೆಕ್ಕಿನ ದುರದೃಷ್ಟ ಅದರ ಗಾತ್ರ. ಇದೇ ಜಾತಿಯ ದೊಡ್ಡ ಸಂಬಂಧಿಕರ ಯೋಗ ನೋಡಿ. ಅಡಿಕೆ ತೋಟಕ್ಕೆ ಚಿರತೆ ನುಗ್ಗಿದರೆ ಬೋನು ಬರುತ್ತದೆ, ಅರಣ್ಯ ಇಲಾಖೆಯ ಜೀಪು ಬರುತ್ತದೆ, ಅರಿವಳಿಕೆ ಕೊಡಲು ಡಾಕ್ಟರು ಬರುತ್ತಾರೆ, ಮೊಬೈಲು ಹಿಡಿದ ಇಡೀ ಊರು ಬರುತ್ತದೆ. ಗಾಯವಾಗಿ ಮರಳಿ ಕಾಡಿಗೆ ಬಿಡಲಾಗದಿದ್ದರೆ ಸಾಗರ ರಸ್ತೆಯ ತ್ಯಾವರೆಕೊಪ್ಪ ಇದೆ. 1988ರಲ್ಲಿ ಅಲ್ಲಿ ಶುರುವಾದ ಹುಲಿ-ಸಿಂಹಧಾಮದಲ್ಲಿ ಹಾಗೆ ಬಂದ ಚಿರತೆಗಳಿಗೂ ಜಾಗವುಂಟು. ಅವನ್ನು ದತ್ತು ಪಡೆಯುವ ಯೋಜನೆಯೂ ಇದೆ. ವರ್ಷಕ್ಕಿಷ್ಟು ಎಂದು ಚೆಕ್ ಬರೆದರೆ ಪ್ರಮಾಣಪತ್ರ, ತೆರಿಗೆ ವಿನಾಯಿತಿ. ಚಿರತೆಯನ್ನು ಮನೆಗೆ ಕರೆದೊಯ್ಯುವ ತಾಪತ್ರಯವೂ ಇಲ್ಲ. ಬೆಕ್ಕಿನ ಸಂಬಂಧವೇ ಇಲ್ಲದಿದ್ದರೂ, ನಮ್ಮ ಪಕ್ಕದ ಸಕ್ರೆಬೈಲಿನ ಆನೆ ಬಿಡಾರದಲ್ಲಿ ಹಿಡಿದು ತಂದ ಆನೆಗೆ ಮಾವುತ, ಕಾವಾಡಿ, ಬೆಳಗಿನ ಸ್ನಾನ. ಇನ್ನೂ ದೂರ ಹೋಗೋಣವೆಂದರೆ, 2022ರ ಸೆಪ್ಟೆಂಬರ್ 17ರಂದು ನಮೀಬಿಯಾದಿಂದ ಎಂಟು ಚೀತಾಗಳು ವಿಶೇಷ ವಿಮಾನದಲ್ಲಿ ಗ್ವಾಲಿಯರಿಗೆ ಬಂದು, ಅಲ್ಲಿಂದ ಹೆಲಿಕಾಪ್ಟರಿನಲ್ಲಿ ಕುನೋ ರಾಷ್ಟ್ರೀಯ ಉದ್ಯಾನ ತಲುಪಿದವು. ಬರಮಾಡಿಕೊಳ್ಳಲು ಪ್ರಧಾನಿಯೇ ಇದ್ದರು. ಖಂಡ ದಾಟಿ ಬಂದ ಬೆಕ್ಕುಗಳಿಗೆ ಮನೆ ಸಿಕ್ಕಿತು. ನನ್ನ ಹತ್ತಿರ ಇರುವ ಒಂದೂವರೆ ಕಿಲೋದ ಬೆಕ್ಕು ತುಂಗೆಯ ಈ ದಡದಿಂದ ಆ ದಡಕ್ಕೆ ಹೋಗಲಾರದೆ ಕೂತಿದೆ.

ಮನೆ ಹುಡುಕುವ ಕೆಲಸವನ್ನು ತಾವು ನನಗೆ ವಹಿಸಿದ್ದರಿಂದ ವರದಿ ಒಪ್ಪಿಸುವುದು ನನ್ನ ಕರ್ತವ್ಯ. ಕೇಳಿ.

ಬೆಕ್ಕಿಗಾಗಿ ಬಂದ ಫೋನುಗಳಲ್ಲೆಲ್ಲ ಮೊದಲ ಪ್ರಶ್ನೆ ಒಂದೇ: "ಗಂಡೋ ಹೆಣ್ಣೋ?" ಬಿಳಿ, ಕಪ್ಪು, ಕೇಸರಿ ಮೂರೂ ಬಣ್ಣ ಇರುವ ಬೆಕ್ಕಿಗೆ ಆ ಪ್ರಶ್ನೆಯೇ ಬೇಕಿಲ್ಲ. ಕಪ್ಪು, ಕೇಸರಿ ಎರಡೂ ಮೈಮೇಲೆ ಕೂಡಿ ಬರಬೇಕಾದರೆ ಎರಡು ಎಕ್ಸ್ ಕ್ರೋಮೋಸೋಮು ಬೇಕು. ಹೆಚ್ಚೂಕಡಿಮೆ ಇಂಥವೆಲ್ಲ ಹೆಣ್ಣೇ. ಹೆಣ್ಣು ಎಂದ ಕೂಡಲೇ ಆ ಕಡೆಯಿಂದ, "ಹಂಗಾರೆ ಬ್ಯಾಡ ಬಿಡಿ, ಮರಿ ಹಾಕ್ತಾವೆ." ಆಪರೇಷನ್ ಆಗಿದೆ, ಹೊಲಿಗೆಯೂ ಮಾಗಿದೆ ಎಂದೆ. ಆಗ ಅದೇ ಧ್ವನಿ ಕರಗಿ ನೀರಾಯಿತು: "ಅಯ್ಯೋ ಪಾಪ, ಒಂದು ಬಾಣಂತನನೂ ಕಾಣದಂಗೆ ಮಾಡ್ಬಿಟ್ರಾ?" ಮರಿ ಹಾಕಿದರೆ ಕಾಟ, ಹಾಕದಿದ್ದರೆ ಪಾಪ. ನಮ್ಮ ಕಡೆಯ ಸೊಸೆಯಂದಿರಿಗೆ ಈ ಮಾತಿನ ವರಸೆ ಹೊಸದಲ್ಲ.

ಮಂಡಗದ್ದೆ ಕಡೆಯ ತೋಟದ ಯಜಮಾನರೊಬ್ಬರು ಉತ್ಸಾಹದಿಂದಲೇ ಬಂದರು. ಅಟ್ಟದಲ್ಲಿ ಇಲಿ ಕಾಟವಂತೆ. "ಊಟ ಗೀಟ ಹಾಕೂದಿಲ್ಲ ಮಾರಾಯ್ರೇ, ಹೊಟ್ಟೆ ತುಂಬಿದ್ರೆ ಎಂಥ ಇಲಿ ಹಿಡೀತದೆ?" ಎಂದರು. ಹೊಟ್ಟೆ ತುಂಬಿದ ಬೆಕ್ಕೂ ಬೇಟೆಯಾಡುತ್ತದೆ, ಹಸಿದದ್ದು ಪಕ್ಕದ ಮನೆಯ ಅಡುಗೆಮನೆಗೆ ಹೋಗುತ್ತದೆ ಎಂದು ವಿವರಿಸಿದೆ. ತಲೆಯಾಡಿಸಿದರು. ಬೆಕ್ಕು ಬರುವವರೆಗೆ ಇಲಿಗೆ ಏನು ಮಾಡಿದ್ದೀರಿ ಎಂದು ಕೇಳಿದೆ. ಅಟ್ಟದ ತುಂಬ ಪಾಷಾಣ ಇಟ್ಟಿದ್ದಾರಂತೆ. ಪಾಷಾಣ ತಿಂದು ತೂರಾಡುವ ಇಲಿಯನ್ನು ಹಿಡಿದು ತಿಂದರೆ ಬೆಕ್ಕೂ ಸಾಯುತ್ತದಲ್ಲ ಎಂದರೆ, "ಅದೂ ಹೌದು" ಎಂದು ಎದ್ದರು. ಸಂಬಳವಿಲ್ಲದ ಆಳು, ಊಟ ತನ್ನ ಕೈಯಿಂದ, ಕೆಲಸದ ಜಾಗದಲ್ಲಿ ವಿಷ: ಈ ಷರತ್ತಿಗೆ ಮಲೆನಾಡಿನಲ್ಲಿ ಈಗ ಮನುಷ್ಯರೂ ಸಿಗುತ್ತಿಲ್ಲ.

ಇನ್ನೊಂದು ಮನೆಯವರು ಅಚ್ಚ ಸಸ್ಯಾಹಾರಿಗಳು, ಬಹಳ ಒಳ್ಳೆಯವರು. ಬೆಕ್ಕನ್ನು ತೊಡೆಯ ಮೇಲೆ ಕೂರಿಸಿಕೊಂಡರು, ಮಕ್ಕಳು ಹೆಸರನ್ನೂ ಆರಿಸಿದರು. "ಮೊಸರನ್ನ ಹಾಕ್ತೀವಿ, ಹಾಲು ಹಾಕ್ತೀವಿ, ಅಭ್ಯಾಸ ಆಗತ್ತೆ" ಎಂದರು. ಇಲ್ಲಿ ನಾನು ಕಟುವಾಗಬೇಕಾಯಿತು. ಬೆಕ್ಕು ಅಭ್ಯಾಸದಿಂದ ಮಾಂಸಾಹಾರಿ ಆದದ್ದಲ್ಲ. ಟಾರಿನ್ ಎಂಬ ಅಂಶ ಅದಕ್ಕೆ ಮೀನು-ಮಾಂಸದಿಂದಲೇ ಬರಬೇಕು. ಕೊರತೆಯಾದರೆ ಕಣ್ಣು ಮಂಜಾಗುತ್ತದೆ, ಹೃದಯ ಸೋಲುತ್ತದೆ. ಹಾಲಾದರೋ, ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಅರಗುವುದೇ ಇಲ್ಲ. ತೆನಾಲಿ ರಾಮಕೃಷ್ಣನ ಬೆಕ್ಕು ಹಾಲು ಕಂಡರೆ ಓಡುತ್ತಿದ್ದುದನ್ನು ನಾವು ಇಷ್ಟು ವರ್ಷ ಅವನ ಚತುರತೆಯ ಕತೆ ಎಂದು ಹೇಳಿಕೊಂಡು ಬಂದೆವು. ಅದು ಬೆಕ್ಕಿನ ಚತುರತೆಯೂ ಇರಬಹುದು.

ಕತೆಯ ಮಾತು ಬಂತು, ಆ ಯೋಜನೆಯನ್ನು ಒಮ್ಮೆ ಗಮನಿಸಿ. ಇಲಿ ಕಾಟಕ್ಕೆ ಕೃಷ್ಣದೇವರಾಯರು ಮನೆಗೊಂದು ಬೆಕ್ಕು ಹಂಚಿದರು. ಅದಕ್ಕೆ ಹಾಲು ಬೇಕಲ್ಲ, ಜತೆಗೊಂದು ಹಸು ಕೊಟ್ಟರು. ವಿಧಾನಸೌಧದಿಂದ ಇವತ್ತು ಅಂಥ ಆದೇಶ ಹೊರಟರೆ ಏನಾಗುತ್ತದೆಂದು ತಮಗೆ ನಾನು ಹೇಳಬೇಕಿಲ್ಲ. ಹಸು ಕೊಟ್ಟಿಗೆಯಲ್ಲಿ ಉಳಿಯುತ್ತದೆ, ಬೆಕ್ಕು ಗಾಜನೂರಿಗೆ ಬರುತ್ತದೆ.

ಭದ್ರಾವತಿಯ ಒಬ್ಬ ಅಮ್ಮನಿಗೆ ನಿಜಕ್ಕೂ ಮನಸ್ಸಿತ್ತು. ಉಕ್ಕಿನ ಕಾರ್ಖಾನೆಯ ಕ್ವಾರ್ಟರ್ಸಿನ ಹಳೇ ಮನೆ, ಹಿತ್ತಿಲು, ನೆರಳು, ವಾರಕ್ಕೆರಡು ಸಲ ಮೀನು. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಮನೆ ಕಂಡಿರಲಿಲ್ಲ. ಆಕೆಯೇ ಬೇಡವೆಂದರು. "ಬಿಟ್ಟು ಹೋದವರ ಬೆಕ್ಕುಗಳು ನಮ್ಮ ಹಿತ್ತಿಲಿಗೆ ಬರ್ತವೆ ಕಣಪ್ಪ, ಅವಕ್ಕೇ ಹಾಕ್ತೀನಿ. ನಾವೇ ಎಷ್ಟು ದಿನ ಇರ್ತೀವೋ ಗೊತ್ತಿಲ್ಲ, ಇದನ್ನ ಎಲ್ಲಿ ಅಂತ ಕಟ್ಕೊಂಡು ಹೋಗಲಿ?" ಪೇಪರ್ ಮಿಲ್ಲು ನಿಂತು ವರ್ಷಗಳಾದವು, ಉಕ್ಕಿನ ಕಾರ್ಖಾನೆ ವಿಐಎಸ್‌ಎಲ್ ಮುಚ್ಚುವ ಮಾತು 2023ರಿಂದ ತೂಗುಯ್ಯಾಲೆಯಲ್ಲಿದೆ. ಅಷ್ಟು ದೊಡ್ಡ ಊರಿನ ಜನರನ್ನೇ ಡಬ್ಬದಲ್ಲಿ ಕೂರಿಸಿ ತೂತು ಕೊರೆದಿರುವಾಗ ಆಕೆಗೆ ನಾನೇನು ಹೇಳಲಿ? ಬೇಡವೆಂದವರ ಪೈಕಿ ನಾನು ಗೌರವಿಸುವ ಉತ್ತರ ಅದೊಂದೇ.

ಶಿವಮೊಗ್ಗದ ಬಾಡಿಗೆ ಮನೆಗಳ ಬಗ್ಗೆ ಬರೆದು ತಮ್ಮ ಹೊತ್ತು ಹಾಳು ಮಾಡುವುದಿಲ್ಲ. ಮಾಂಸ ತಿನ್ನುವವರಿಗೇ ಮನೆ ಕೊಡದ ಮಾಲೀಕರು ಬೆಕ್ಕಿಗೆ ಕೊಟ್ಟಾರೇ?

ಬೆಂಗಳೂರಿನಿಂದ ಮಾತಾಡಿದ ತರುಣನಿಗೆ ಪರ್ಷಿಯನ್ ಬೇಕಿತ್ತು. ಇದು ಗಾಜನೂರಿನದು ಎಂದೆ. "ಓ, ಅಣ್ಣಾವ್ರ ಊರು!" ಎಂದು ಖುಷಿಪಟ್ಟ. ಇಲ್ಲಪ್ಪ, ಅದು ತಾಳವಾಡಿ ಕಡೆಯ ಗಾಜನೂರು, ತಮಿಳುನಾಡಿಗೆ ಸೇರಿದ್ದು. 2000ದಲ್ಲಿ ವೀರಪ್ಪನ್ ರಾಜ್‌ಕುಮಾರ್ ಅವರನ್ನು ಹೊತ್ತೊಯ್ದದ್ದು ಅಲ್ಲಿಂದ. ನಮ್ಮ ಗಾಜನೂರಿನಿಂದ ಯಾರೂ ಏನನ್ನೂ ಹೊತ್ತೊಯ್ಯುವುದಿಲ್ಲ, ಇಲ್ಲಿಗೆ ತಂದು ಇಳಿಸುತ್ತಾರೆ.

ಸಲಹೆಗಾರರಿಗೆ ಕೊರತೆಯಿಲ್ಲ. ನಗರದಲ್ಲಿ ಬೆಕ್ಕಿನ ಕಲ್ಮಠ ಇದೆಯಲ್ಲ, ಅಲ್ಲಿಗೊಯ್ಯಿ ಎಂದು ಗಂಭೀರವಾಗಿಯೇ ಹೇಳಿದವರಿದ್ದಾರೆ. ಹೆಸರು ನೋಡಿ ಹೋಗುವುದಾದರೆ ಸಕ್ರೆಬೈಲಿನಲ್ಲಿ ಸಕ್ಕರೆ ಸಿಗಬೇಕಿತ್ತು. ಇಲ್ಲೇ ಇರುವ ನವೋದಯ ಶಾಲೆಯ ಕಾಂಪೌಂಡಿನೊಳಗೆ ಬಿಡಿ, ಹಾಸ್ಟೆಲ್ ಮಕ್ಕಳು ಅನ್ನ ಹಾಕುತ್ತಾರೆ ಎಂದರು ಮತ್ತೊಬ್ಬರು. ಮಕ್ಕಳೇ ಆರನೇ ಕ್ಲಾಸಿಗೆ ಪ್ರವೇಶ ಪರೀಕ್ಷೆ ಬರೆದು ಒಳಗೆ ಹೋಗುವ ಜಾಗ ಅದು. ಗೋಡೆ ಹಾರಿಸಿ ಸೀಟು ಕೊಡಿಸುವುದು ಹೇಗೆ? ಅದೂ ಅಲ್ಲದೆ, ರಜೆ ಬಂತೆಂದರೆ ಮಕ್ಕಳು ಊರಿಗೆ ಹೋಗುತ್ತಾರೆ, ಬೆಕ್ಕು ಎಲ್ಲಿಗೆ ಹೋಗಬೇಕು? ಒಬ್ಬರಂತೂ, "ಕಾಡಿಗೆ ಬಿಡಿ, ಅದರ ಜಾಗ ಅದು" ಎಂದರು. ಫ್ರಿಜ್ಜಿನ ಬಾಗಿಲು ತೆರೆದ ಸದ್ದಿಗೆ ಓಡಿಬರುವ ಪ್ರಾಣಿಯ ಜಾಗ ಕಾಡು ಎಂಬುದು ಶೆಟ್ಟಿಹಳ್ಳಿ ಅಭಯಾರಣ್ಯದ ಚಿರತೆಗಳಿಗೆ ಸಂತೋಷದ ಸುದ್ದಿ.

ಇಷ್ಟಾಗಿಯೂ ಬೆಕ್ಕಿಗೆ ಮನೆ ಕೊಡುವುದು ಅಂಥ ಘನಕಾರ್ಯವೇನಲ್ಲ. ಬೇಕಾದದ್ದು ದಿನಕ್ಕೆ ಒಂದಿಷ್ಟು ಮೀನೋ ಕೋಳಿಯೋ, ಶುದ್ಧ ನೀರು, ವರ್ಷಕ್ಕೊಮ್ಮೆ ರೇಬಿಸ್ ಚುಚ್ಚುಮದ್ದು, ಬಿಸಿಲು ಬೀಳುವ ಕಿಟಕಿ. ಹೊಸ ಮನೆಗೆ ಹೋದ ಮೊದಲ ಒಂದೆರಡು ವಾರ ಹೊರಗೆ ಬಿಡದೆ ಒಂದು ಕೋಣೆಯಲ್ಲಿ ಇಟ್ಟುಕೊಂಡರೆ, ಆ ಮನೆಯ ವಾಸನೆ ಹಿಡಿದು ಇದು ತನ್ನದೆಂದು ಅದೇ ತೀರ್ಮಾನಿಸುತ್ತದೆ. ಮಂಚದ ಕೆಳಗೆ ಅವಿತು ಊಟ ಬಿಟ್ಟರೆ ಗಾಬರಿ ಬೇಡ. ಎಳೆದು ತೆಗೆಯಲೂ ಬೇಡ. ಇದನ್ನೆಲ್ಲ ತಮಗೆ ಬರೆಯುತ್ತಿರುವುದು, ತಾವು ಮನಸ್ಸು ಬದಲಿಸಿ ಬಂದರೆ ಇರಲಿ ಎಂದು. ಬಂದರೂ ಕೊಡುವುದಿಲ್ಲ ಎನ್ನುವುದು ಬೇರೆ ಮಾತು.

ಇದನ್ನು ಓದುವ ಇತರರಿಗೆ ಹೇಳುತ್ತೇನೆ: ಬೆಕ್ಕು ಬೇಕಾದವರು ಮನೆಯವರನ್ನೆಲ್ಲ ಒಪ್ಪಿಸಿಕೊಂಡು ಬನ್ನಿ, ಅಟ್ಟದ ಪಾಷಾಣ ತೆಗೆದು ಬನ್ನಿ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ತನ್ನಿ. ಒಂದು ತಿಂಗಳ ಮೇಲೆ ನಾನು ಹೇಳದೆ ಕೇಳದೆ ಬಂದು ನೋಡುತ್ತೇನೆ. ಕಾಫಿ ಕೊಡದಿದ್ದರೂ ಬೇಜಾರಿಲ್ಲ. ಹೆಣ್ಣೆಂದು ಕೇಳಿ ಮುಖ ತಿರುಗಿಸುವವರು ಬರುವುದೇ ಬೇಡ.

ಇಂತಿ ತಮ್ಮ ವಿಶ್ವಾಸಿ,
ಗಾಜನೂರಿನ ನಿವಾಸಿ

ವಿ.ಸೂ.: ಡಬ್ಬದಲ್ಲಿ ಇದ್ದದ್ದು ಮಗಳು. ತಾಯಿ ಇನ್ನೂ ತಮ್ಮ ಮನೆಯಲ್ಲೇ ಇದ್ದಾಳೆಂದು ನನ್ನ ಅನುಮಾನ. ಬೆಕ್ಕಿನ ಬಸಿರು ಒಂಬತ್ತು ವಾರ, ಅಂದರೆ ಮುಂದಿನ ಡಬ್ಬಕ್ಕೆ ಹೆಚ್ಚು ದಿನವಿಲ್ಲ. ಶಿವಮೊಗ್ಗದ ವಿನೋಬನಗರದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ಗಾಜನೂರಿಗಿಂತ ತಮಗೆ ಹತ್ತಿರ. ಅವಳನ್ನು ಅಲ್ಲಿಗೆ ಕರೆದೊಯ್ದು ಆಪರೇಷನ್ ಮಾಡಿಸಿ. ಖರ್ಚು ಭಾರವೆನಿಸಿದರೆ ತಿಳಿಸಿ, ಅರ್ಧ ನಾನು ಕೊಡುತ್ತೇನೆ. ಡ್ಯಾಮಿಗೆ ಬಂದುಹೋಗುವ ಪೆಟ್ರೋಲಿಗೆ ಮಾತ್ರ ಕೊಡಲಾರೆ.