ಬ್ರಾಕೆಟ್ ಮೀಮಾಂಸೆ: ಮಾರ್ಚ್ ಹುಚ್ಚಿನ ಶಾಸ್ತ್ರೀಯ ವಿವೇಚನೆ

ಅಮೆರಿಕದ ಕಾಲೇಜು ಹುಡುಗರ ರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿ ಇರುವುದು ದೇಶದ ಅತ್ಯುತ್ತಮ ತಂಡವನ್ನು ಆರಿಸುವುದಕ್ಕೆ ಎಂಬ ಭ್ರಮೆ ಪಂಡಿತರಲ್ಲೂ ಉಂಟು. ಅಷ್ಟಕ್ಕೇ ಆಗಿದ್ದರೆ ನಾಲ್ಕೈದು ತಂಡಗಳನ್ನು ಒಂದೂರಿಗೆ ಕರೆಸಿ, ವಾರವೊಪ್ಪತ್ತು ಆಡಿಸಿ, ಕಪ್ ಕೊಟ್ಟು ಕಳಿಸಬಹುದಿತ್ತು. 68 ತಂಡ, 67 ಪಂದ್ಯ, ಮೂರು ವಾರದ ಗದ್ದಲ ಯಾತಕ್ಕೆ? ನಮ್ಮ ಸಿದ್ಧಾಂತ ಇಷ್ಟೆ: ಬಲ್ಲವರ ಮಾನ ಕಳೆಯುವುದೇ ಈ ಪಂದ್ಯಾವಳಿಯ ಪರಮ ಪ್ರಯೋಜನ. ಆಟ ಅರೆದು ಕುಡಿದವನು ಗೆಲ್ಲುವವರನ್ನು ಊಹಿಸಹೋಗಿ ಮೊದಲ ದಿನವೇ ಮಣ್ಣು ಮುಕ್ಕುತ್ತಾನೆ. ಚೆಂಡು ದುಂಡಗಿದೆ ಎಂಬುದಷ್ಟೇ ಗೊತ್ತಿದ್ದವನು ಕಚೇರಿಯ ಪಂತದ ದುಡ್ಡೆಲ್ಲ ಬಾಚಿಕೊಂಡು ಮನೆಗೆ ಹೋಗುತ್ತಾನೆ.

ಪ್ರಮಾಣ ಕೇಳುವವರಿಗೆ ಮೂಲಪುರುಷರೇ ಸಾಕ್ಷಿ. 1891ರಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಪೀಚ್ ಹಣ್ಣಿನ ಬುಟ್ಟಿ ಕಟ್ಟಿ ಈ ಆಟವನ್ನು ಹುಟ್ಟಿಸಿದ ಜೇಮ್ಸ್ ನೇಸ್ಮಿತ್, ಮುಂದೆ ಕ್ಯಾನ್ಸಸ್ ವಿಶ್ವವಿದ್ಯಾಲಯದ ತಂಡಕ್ಕೆ ಗುರುವಾದ. ಗೆದ್ದದ್ದು 55, ಸೋತದ್ದು 60. ಆ ಮಹಾಪರಂಪರೆಯಲ್ಲಿ ಗೆಲುವಿಗಿಂತ ಸೋಲೇ ಹೆಚ್ಚು ಕಂಡ ಗುರು ಆತನೊಬ್ಬನೇ. ಇನ್ನು ಈ ಪಂದ್ಯಾವಳಿಗಾಗಿ ಓಡಾಡಿದ ಹೆರಾಲ್ಡ್ ಓಲ್ಸನ್ ಒಹಾಯೋ ಸ್ಟೇಟ್ ತಂಡದ ಕೋಚ್. 1939ರಲ್ಲಿ ಎಂಟೇ ತಂಡಗಳನ್ನು ಕೂಡಿಸಿ ಮೊದಲ ಪಂದ್ಯಾವಳಿ ನಡೆಯಿತು. ಫೈನಲಿನಲ್ಲಿ ಒರೆಗಾನ್ 46, ಒಹಾಯೋ ಸ್ಟೇಟ್ 33. ಹಬ್ಬ ಮಾಡಿದವನಿಗೇ ಹೋಳಿಗೆ ದಕ್ಕಲಿಲ್ಲ. ಮೇಲಾಗಿ ಕೋಚ್‌ಗಳ ಸಂಘಕ್ಕೆ ಎರಡೂವರೆ ಸಾವಿರ ಡಾಲರ್ ನಷ್ಟ. ಅದೇ ವರ್ಷ ಇಲಿನಾಯ್‌ನ ಹೆನ್ರಿ ಪೋರ್ಟರ್ ಹೈಸ್ಕೂಲು ಪಂದ್ಯಗಳ ಅಭಿಮಾನಿಗಳನ್ನು ಕಂಡು ಇದು ಮಾರ್ಚ್ ಹುಚ್ಚು ಎಂದು ಬರೆದಿದ್ದ. ದಶಕಗಳ ಬಳಿಕ ಕಾಲೇಜಿನವರು ಆ ಹುಚ್ಚನ್ನು ಎರವಲು ತಂದರು, ಹಿಂತಿರುಗಿಸಲಿಲ್ಲ.

ಈಗ ವಿಧಿವಿಧಾನ. ಮಾರ್ಚ್ ನಡುವಿನ ಒಂದು ಭಾನುವಾರ ಆಯ್ಕೆ ಸಮಿತಿ ತಂಡಗಳ ಜಾತಕ ಓದುತ್ತದೆ. ನಾಲ್ಕು ವಲಯ, ಒಂದೊಂದರಲ್ಲೂ ಒಂದರಿಂದ ಹದಿನಾರರವರೆಗೆ ಶ್ರೇಯಾಂಕ. ಮಠದ ಊಟದ ಪಂಕ್ತಿಯಂತೆ ಇಲ್ಲೂ ಎಲ್ಲರಿಗೂ ಎಲೆ ಉಂಟು, ಆದರೆ ಹದಿನಾರನೆಯವನಿಗೆ ಪಲ್ಯ ಬರುವ ಹೊತ್ತಿಗೆ ಒಂದನೆಯವನು ಪಾಯಸ ಮುಗಿಸಿ ಕೈ ತೊಳೆದಿರುತ್ತಾನೆ. 1985ರಲ್ಲಿ 64 ತಂಡಗಳ ಈ ಕ್ರಮ ಬಂದ ಮೇಲೆ ಹದಿನಾರನೆಯವರು ಒಂದನೆಯವರಿಗೆ ಸತತವಾಗಿ 135 ಸಲ ಸೋತರು. ಇಷ್ಟು ಸ್ಪಷ್ಟವಾದ ವ್ಯಾಪ್ತಿಜ್ಞಾನ ಹೊಗೆ-ಬೆಂಕಿಗೂ ಇಲ್ಲ. ಮೂವತ್ತಮೂರು ವರ್ಷ ಪಂಡಿತರು ಇದೊಂದನ್ನು ನಂಬಿ ಬದುಕಿದರು.

2018ರ ಮಾರ್ಚ್ 16ರಂದು ಮೇರಿಲ್ಯಾಂಡಿನ ಯು.ಎಂ.ಬಿ.ಸಿ. ಎಂಬ ಹದಿನಾರನೇ ಶ್ರೇಯಾಂಕದ ತಂಡ, ಒಂದನೆಯ ಶ್ರೇಯಾಂಕದ ವರ್ಜೀನಿಯಾವನ್ನು 74-54ರಿಂದ ಮಲಗಿಸಿತು. ಆ ಕಾಲೇಜಿಗೆ ಅದುವರೆಗೆ ಹೆಸರಿದ್ದದ್ದು ಚೆಸ್‌ನಲ್ಲಿ. (ಈ ಅಂಶವನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಭಾರಿ ಉಪಯೋಗಕ್ಕೆ ಬರಲಿದೆ.) ಸಾಲದ್ದಕ್ಕೆ, ಹೀಗೆ ಹೊರಬಿದ್ದ ವರ್ಜೀನಿಯಾವೇ ಮರುವರ್ಷ ಕಪ್ ಗೆದ್ದು, ಅದನ್ನು ಬೈದು ಬರೆದಿದ್ದವರನ್ನು ಎರಡನೇ ಬಾರಿ ಅವಮಾನಿಸಿತು.

2023ರ ಪ್ರಸಂಗ ಇನ್ನೂ ಸೊಗಸು. ನ್ಯೂ ಜೆರ್ಸಿಯ ಫೇರ್ಲಿ ಡಿಕಿನ್ಸನ್ ತಂಡ ತನ್ನ ಪುಟ್ಟ ಲೀಗಿನ ಫೈನಲ್ಲನ್ನೇ ಒಂದು ಅಂಕದಿಂದ ಸೋತಿತ್ತು. ಗೆದ್ದ ಮೆರಿಮ್ಯಾಕ್ ಮೇಲಿನ ದರ್ಜೆಗೆ ಹೊಸದಾಗಿ ಬಡ್ತಿ ಪಡೆದಿದ್ದರಿಂದ ಅದಕ್ಕಿನ್ನೂ ಅರ್ಹತೆ ಇರಲಿಲ್ಲ. ಹಾಗಾಗಿ ಸೋತವರು ಒಳಗೆ ಬಂದರು. ಸರಾಸರಿ ಎತ್ತರದಲ್ಲಿ ಆ ದರ್ಜೆಯ ಅತಿ ಕುಳ್ಳ ತಂಡ ಅದೇ. ಎದುರಿಗೆ ಒಂದನೇ ಶ್ರೇಯಾಂಕದ ಪರ್ಡ್ಯೂ, ಅದರ ನಡುವೆ ಏಳಡಿ ನಾಲ್ಕಂಗುಲದ ಝ್ಯಾಕ್ ಈಡಿ. ಫಲಿತಾಂಶ: ಕುಳ್ಳರಿಗೆ 63, ಪರ್ಡ್ಯೂಗೆ 58. ವಾಮನನ ಕಥೆ ಕೇಳಿದ್ದ ಯಾವ ಅಜ್ಜಿಯಾದರೂ ಇದನ್ನು ಕಣ್ಣುಮುಚ್ಚಿ ಬರೆದಿಡುತ್ತಿದ್ದಳು. ಟಿವಿಯ ತಜ್ಞರಲ್ಲಿ ಅಜ್ಜಿಯರ ಕೊರತೆ ಇದೆ.

ಇನ್ನು ಬ್ರಾಕೆಟ್ ಎಂಬ ಯಂತ್ರ. ಆರಂಭದ ನಾಲ್ಕು ಪಂದ್ಯಗಳನ್ನು ಬದಿಗಿಟ್ಟರೆ ಉಳಿದ 63ರ ವಿಜೇತರನ್ನು ಮೊದಲೇ ಬರೆದಿಡಬೇಕು. ಅದನ್ನು ತುಂಬುವ ವಿಧಗಳು 92,23,37,20,36,85,47,75,808. ಚದುರಂಗದ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು ಎಂದು ರಾಜನನ್ನು ದಿವಾಳಿ ಮಾಡಿದ ಹಳೆಯ ಕಥೆಯಲ್ಲಿ ಅರುವತ್ತನಾಲ್ಕನೇ ಮನೆಗೆ ಬೀಳುವ ಕಾಳುಗಳ ಸಂಖ್ಯೆಯೂ ಕರಾರುವಾಕ್ಕಾಗಿ ಇದೇ. ಚೆಸ್ ಕಾಲೇಜು ಗೆದ್ದದ್ದು ಏಕೆಂದು ಈಗ ತಿಳಿಯಿತಷ್ಟೆ? ಇಷ್ಟಕ್ಕೇ ನಿಲ್ಲುವುದಿಲ್ಲ. ಸೆಕೆಂಡಿಗೊಂದು ಬ್ರಾಕೆಟ್ ತುಂಬುತ್ತ ಕೂತರೆ ಎಲ್ಲ ಮುಗಿಯಲು ಸುಮಾರು 29,200 ಕೋಟಿ ವರ್ಷ ಬೇಕು. ಬ್ರಹ್ಮನ ಒಂದು ಹಗಲು, ಅಂದರೆ ಒಂದು ಕಲ್ಪ, 432 ಕೋಟಿ ವರ್ಷ. ಭಾಗಿಸಿದರೆ 67 ಕಲ್ಪ ಸಂದು 68ನೆಯದು ನಡೆಯುತ್ತಿರುತ್ತದೆ. ಪಂದ್ಯಗಳು 67, ತಂಡಗಳು 68! ಕಾಕತಾಳೀಯ ಎನ್ನುವವರೊಡನೆ ನಾವು ವಾದಕ್ಕಿಳಿಯುವುದಿಲ್ಲ; ಅವರು ಎಲ್ಲ ಬ್ರಾಕೆಟ್ ತುಂಬಿ ಬರಲಿ, ಕಾಯುತ್ತೇವೆ.

2014ರಲ್ಲಿ ವಾರನ್ ಬಫೆಟ್‌ರ ಬೆಂಬಲದಿಂದ, ತಪ್ಪಿಲ್ಲದ ಬ್ರಾಕೆಟ್‌ಗೆ ನೂರು ಕೋಟಿ ಡಾಲರ್ ಬಹುಮಾನ ಸಾರಲಾಯಿತು. ಬಫೆಟ್ ಲೆಕ್ಕ ಬಲ್ಲವರು. ದುಡ್ಡು ಅವರ ಜೇಬಿನಲ್ಲೇ ಉಳಿಯಿತು. 2019ರಲ್ಲಿ ಒಹಾಯೋದ ಒಬ್ಬರು ಮೊದಲ 49 ಪಂದ್ಯಗಳನ್ನು ಸರಿಯಾಗಿ ಬರೆದು ಐವತ್ತನೆಯದರಲ್ಲಿ ಎಡವಿದರು.

ಬ್ರಾಕೆಟ್ ತುಂಬುವವರಲ್ಲಿ ಹಲವು ಪಂಥಗಳಿವೆ. ಅಂಕಿವಾದಿಗಳ ಗತಿ ಮೇಲೆ ಕಂಡಿದ್ದೇವೆ. ಲಾಂಛನವಾದಿಗಳು ತಂಡದ ಪ್ರಾಣಿಯನ್ನು ನೋಡಿ ತೀರ್ಮಾನಿಸುತ್ತಾರೆ. ಯು.ಎಂ.ಬಿ.ಸಿ.ಯದು ನಾಯಿ, ವರ್ಜೀನಿಯಾದ್ದು ಕುದುರೆ ಸವಾರ. ನಾಯಿ ಬೊಗಳಿದರೆ ಕುದುರೆ ಬೆದರುತ್ತದೆ, ಸರಿ. 2022ರಲ್ಲಿ ಹದಿನೈದನೇ ಶ್ರೇಯಾಂಕದ ಸೇಂಟ್ ಪೀಟರ್ಸ್‌ನ ನವಿಲು ಕೆಂಟಕಿಯ ಕಾಡುಬೆಕ್ಕನ್ನು ಕುಕ್ಕಿ ಓಡಿಸಿತು. ಇದಕ್ಕೆ ಪಂಚತಂತ್ರದ ಶೈಲಿಯ ಭಾಷ್ಯ ಇನ್ನಷ್ಟೇ ಬರಬೇಕು. 2002ರ ಕಪ್ ಮೇರಿಲ್ಯಾಂಡಿನ ಆಮೆಗೆ ಹೋಯಿತು. ಫೈನಲಿನಲ್ಲಿ ಎದುರಿಗೆ ಮೊಲ ಇರಲಿಲ್ಲವೆಂಬುದೊಂದೇ ಕೊರಗು.

ಉಳಿದದ್ದು ಭಕ್ತಿಪಂಥ. ಷಿಕಾಗೋದ ಲೊಯೋಲಾ ತಂಡಕ್ಕೆ 98 ವರ್ಷದ ಸನ್ಯಾಸಿನಿ ಸಿಸ್ಟರ್ ಜೀನ್ ಪ್ರಾರ್ಥನೆ ಮಾಡಿಸುತ್ತಿದ್ದರು. 2018ರಲ್ಲಿ ಹನ್ನೊಂದನೇ ಶ್ರೇಯಾಂಕದ ಆ ತಂಡ ಕೊನೆಯ ನಾಲ್ಕರೊಳಗೆ ನುಗ್ಗಿದಾಗ ಜಗತ್ತೇ ಭಕ್ತಿಯ ಮಹಿಮೆ ಕೊಂಡಾಡಿತು. ಆದರೆ ಸಿಸ್ಟರ್ ತಮ್ಮ ಬ್ರಾಕೆಟ್ಟಿನಲ್ಲಿ ಸ್ವಂತ ತಂಡ ಕೊನೆಯ ಹದಿನಾರರಲ್ಲೇ ಸೋಲುತ್ತದೆಂದು ಬರೆದಿದ್ದರು! ದೇವರು ಪ್ರಾರ್ಥನೆಯನ್ನು ಕೇಳಿಸಿಕೊಂಡು ಬ್ರಾಕೆಟ್ಟನ್ನು ಓದದೆ ಬಿಟ್ಟ.

ಪೂರ್ವಪಕ್ಷ: ಜಾನ್ ವುಡನ್‌ರ ಯು.ಸಿ.ಎಲ್.ಎ. 1964ರಿಂದ 1975ರೊಳಗೆ ಹತ್ತು ಸಲ, ಅದರಲ್ಲಿ ಏಳು ಸಲ ಸತತವಾಗಿ ಗೆದ್ದಿತಲ್ಲ, ಆಗ ಬಲ್ಲವರ ಮಾತು ನಿಜವಾಗಲಿಲ್ಲವೇ? ಸಿದ್ಧಾಂತ: ಅದು ಕೃತಯುಗ. ಅದರ ಮಾತು ಇಲ್ಲಿ ಬೇಡ.

ಧನವಿಚಾರಕ್ಕೆ ಬಂದರೆ, 2010ರಲ್ಲಿ 14 ವರ್ಷಗಳ ಪ್ರಸಾರ ಹಕ್ಕು 1,080 ಕೋಟಿ ಡಾಲರಿಗೆ ಹೋಯಿತು. ದುಡ್ಡು ಮುಟ್ಟಿದರೆ ವಿದ್ಯಾರ್ಥಿಗಳ ಮನಸ್ಸು ಕೆಡುತ್ತದೆಂದು ಕಾಲೇಜು ಕ್ರೀಡಾಮಂಡಳಿ ಬಲವಾಗಿ ನಂಬಿತ್ತು. ಆದ್ದರಿಂದ ಆಡುವ ಹುಡುಗರಿಗೆ ವಿದ್ಯಾರ್ಥಿವೇತನ ಮಾತ್ರ; ಕೆಡುವ ಕಷ್ಟವನ್ನೆಲ್ಲ ಕೋಚ್‌ಗಳು, ಅಧಿಕಾರಿಗಳು, ಟಿವಿಯವರು ಹೊತ್ತುಕೊಂಡರು. ತಮ್ಮ ಹೆಸರು, ಚಿತ್ರದಿಂದ ಹುಡುಗರೂ ಸಂಪಾದಿಸಬಹುದೆಂದು ಒಪ್ಪಿದ್ದು 2021ರಲ್ಲಿ. ಅಷ್ಟರಲ್ಲಿ ಕೆಡಬೇಕಾದವರೆಲ್ಲ ಕೆಟ್ಟು ನಿವೃತ್ತರಾಗಿದ್ದರು.

ಗೆದ್ದವರು ಏಣಿ ಹತ್ತಿ ಬುಟ್ಟಿಯ ಬಲೆಯನ್ನು ಎಳೆ ಎಳೆಯಾಗಿ ಕತ್ತರಿಸುತ್ತಾರೆ. ನಾರ್ತ್ ಕೆರೊಲಿನಾ ಸ್ಟೇಟ್‌ನ ಎವರೆಟ್ ಕೇಸ್ 1947ರಲ್ಲಿ ಈ ಪದ್ಧತಿಗೆ ನಾಂದಿ ಹಾಡಿದಾಗ ಏಣಿ ಇರಲಿಲ್ಲವಂತೆ. ಹುಡುಗರೇ ಹೆಗಲ ಮೇಲೆ ಎತ್ತಿದರು. ಈಗ ಏಣಿಗೂ ಒಂದು ಕಂಪನಿಯ ಅಧಿಕೃತ ಪಟ್ಟ ಉಂಟು. ಆ ಏಣಿಗೆ ಎಷ್ಟು ಮೆಟ್ಟಿಲು, ಅವುಗಳಿಗೂ ಕಲ್ಪಗಳಿಗೂ ಏನು ನಂಟು ಎಂಬುದನ್ನು ಎರಡನೇ ಸಂಪುಟದಲ್ಲಿ ವಿವರಿಸುತ್ತೇವೆ. ಪ್ರತಿಗಳನ್ನು ಈಗಲೇ ಕಾದಿರಿಸಬಹುದು. ಬೆಲೆಯನ್ನು ಆಯ್ಕೆ ಭಾನುವಾರದಂದು ಪ್ರಕಟಿಸಲಾಗುವುದು.