ಸೀಟಪ್ಪನವರ ವನವಾಸ

ದಸರಾ ಗೊಂಬೆಗಳು ಪೆಟ್ಟಿಗೆ ಸೇರಿ, ದೀಪಾವಳಿಯ ಪಟಾಕಿ ಇನ್ನೂ ಅಂಗಡಿಗೆ ಬಾರದ ನಡುವಿನ ದಿನಗಳಲ್ಲಿ ಬೆಂಗಳೂರಿನ ಒಂದು ಬಗೆಯ ಗೃಹಸ್ಥರು ಇದ್ದಕ್ಕಿದ್ದಂತೆ ಚುರುಕಾಗುತ್ತಾರೆ. ವಯಸ್ಸು ಮೂವತ್ತೆರಡರಿಂದ ನಲವತ್ತು. ಕಂಕುಳಲ್ಲಿ ಪ್ಲಾಸ್ಟಿಕ್ ಫೈಲು. ಅದರೊಳಗೆ ಮಗುವಿನ ಜನನ ಪ್ರಮಾಣಪತ್ರ, ಲಸಿಕೆ ಕಾರ್ಡು, ಮನೆಯ ಬಾಡಿಗೆ ಕರಾರು, ಗಂಡಹೆಂಡಿರ ಡಿಗ್ರಿ ಸರ್ಟಿಫಿಕೇಟು, ಸಂಬಳದ ಚೀಟಿ, ಒಂದು ಡಜನ್ ಪಾಸ್‌ಪೋರ್ಟ್ ಅಳತೆಯ ಫೋಟೋ. ಜನಗಣತಿಯವರು ಈ ಪಂಗಡಕ್ಕೆ ಹೆಸರಿಟ್ಟಿಲ್ಲವಾದ್ದರಿಂದ ನಾವೇ ಇಡೋಣ: ಸೀಟಪ್ಪ. ಇವರ ಬಾಯಲ್ಲಿ ಶಾಲೆ, ಓದು ಎಂಬ ಮಾತುಗಳು ಅಪರೂಪ, ಇರುವುದೆಲ್ಲ ಸೀಟು. ಪಕ್ಕದ ಮನೆಯವರನ್ನು ‘ಮಗು ಎಲ್ಲಿ ಓದ್ತಾ ಇದೆ?’ ಎಂದು ಕೇಳುವುದಿಲ್ಲ, ‘ಎಲ್ಲಿ ಸೀಟಾಯ್ತು?’ ಎನ್ನುತ್ತಾರೆ. ಎಲ್‌ಕೆಜಿ, ಯುಕೆಜಿ ಎರಡು, ಶಾಲೆ ಹತ್ತು, ಪಿಯುಸಿ ಎರಡು, ಕೂಡಿದರೆ ಹದಿನಾಲ್ಕು ವರ್ಷ. ರಾಮನಿಗೆ ಕೈಕೇಯಿ ವಿಧಿಸಿದ್ದೂ ಅಷ್ಟೇ. ಅಲ್ಲಿ ಅಪ್ಪನ ಮಾತಿಗಾಗಿ ಮಗ ಕಾಡಿಗೆ ಹೋದ. ಇಲ್ಲಿ ಮಗನ ಹೆಸರು ಹೇಳಿಕೊಂಡು ಅಪ್ಪನೇ ಹೊರಡುತ್ತಾರೆ.

ಸೀಟಪ್ಪನವರನ್ನು ಕಂಡು ನಗುವವರು ಒಂದನ್ನು ಮರೆಯುತ್ತಾರೆ. ಇದು ಅವರು ತಾವಾಗಿ ಅಂಟಿಸಿಕೊಂಡ ರೋಗವಲ್ಲ, ಈ ನೆಲದ ಪಿತ್ರಾರ್ಜಿತ. ಮಣಿಪಾಲದಲ್ಲಿ ಖಾಸಗಿ ವೈದ್ಯಕೀಯ ಕಾಲೇಜು ಶುರುವಾದದ್ದು 1953ರಲ್ಲಿ. ಮುಂದಿನ ದಶಕಗಳಲ್ಲಿ ಊರೂರಿಗೆ ಎಂಜಿನಿಯರಿಂಗ್, ಮೆಡಿಕಲ್ ಕಾಲೇಜುಗಳು ಬಂದು, ‘ಡೊನೇಷನ್’ ಎಂಬ ಮಾತು ಉಪ್ಪಿಟ್ಟು ಕೇಸರಿಬಾತಿನಷ್ಟೇ ನಮ್ಮದಾಯಿತು. ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸಲು 1984ರಲ್ಲೇ ಕಾಯ್ದೆ ತಂದ ಖ್ಯಾತಿಯೂ ನಮ್ಮ ರಾಜ್ಯಕ್ಕಿದೆ. ರೋಗ ಇದ್ದಲ್ಲಿ ತಾನೆ ಔಷಧ. ಸೀಟಿನ ಬೆಲೆಯ ಬಗ್ಗೆ ಸುಪ್ರೀಂ ಕೋರ್ಟು ಕೊಟ್ಟ ದೊಡ್ಡ ತೀರ್ಪುಗಳನ್ನು ತೆಗೆದು ನೋಡಿ: 1992ರ ಮೋಹಿನಿ ಜೈನ್, 2002ರ ಟಿ.ಎಂ.ಎ. ಪೈ ಪ್ರತಿಷ್ಠಾನ, 2003ರ ಇಸ್ಲಾಮಿಕ್ ಅಕಾಡೆಮಿ. ಮೂರರಲ್ಲೂ ಎದುರಿಗೆ ನಿಂತಿರುವುದು ಕರ್ನಾಟಕ ರಾಜ್ಯ. ಮೊದಲ ಪ್ರಕರಣದಲ್ಲಿ ಸರ್ಕಾರಿ ಸೀಟಿನ ವರ್ಷದ ಶುಲ್ಕ 2,000 ರೂಪಾಯಿ ಇದ್ದಾಗ ಹೊರರಾಜ್ಯದವರಿಗೆ 60,000 ನಿಗದಿಯಾಗಿತ್ತು. ಸೀಟಿಗೂ ಓದಿಗೂ ಬೇರೆಬೇರೆ ಬೆಲೆ ಉಂಟೆಂದು ಇಡೀ ದೇಶಕ್ಕೆ ಪಾಠ ಹೇಳಿದ ಊರಿನಲ್ಲಿ ಹುಟ್ಟಿದ ಸೀಟಪ್ಪ, ಮೆಡಿಕಲ್‌ಗೆ ಕೊಡಬೇಕಾದದ್ದನ್ನು ಎಲ್‌ಕೆಜಿಯಿಂದಲೇ ಕಂತಿನಲ್ಲಿ ಕಟ್ಟಲು ಹೊರಟರೆ ಅದನ್ನು ದೂರದೃಷ್ಟಿ ಎನ್ನಬೇಕೇ ಹೊರತು ಹುಚ್ಚು ಎನ್ನಲಾಗದು.

ಅವರ ಮೊದಲ ಯುದ್ಧ ಪಂಚಾಂಗದ ಜೊತೆ. ಹಿಂದೆ ಕೂಸು ಯಾವ ನಕ್ಷತ್ರದಲ್ಲಿ ಹುಟ್ಟಿತು ಎಂದು ನೋಡುತ್ತಿದ್ದರು. ಸೀಟಪ್ಪನವರಿಗೆ ಮೂಲಾ, ಆಶ್ಲೇಷಾ ಯಾವುದಾದರೂ ಸರಿಯೇ. ದಿನ ಮಾತ್ರ ಜೂನ್ 1 ದಾಟಬಾರದು. ಒಂದನೇ ತರಗತಿಗೆ ಸೇರಲು ಆ ತಾರೀಖಿಗೆ ಆರು ವರ್ಷ ತುಂಬಿರಬೇಕೆಂದು ಸರ್ಕಾರ 2022ರಲ್ಲಿ ಆದೇಶಿಸಿತು, ಜಾರಿ 2025-26ರಿಂದ ಎಂದಿತು. ಆ ವರ್ಷ ಬಂದಾಗ ಯುಕೆಜಿ ಮುಗಿಸಿ ನಿಂತಿದ್ದ ಮಕ್ಕಳ ಅಪ್ಪಂದಿರ ಕೂಗಿಗೆ ಮಣಿದು, ಅದೊಂದು ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳಿಗೆ ಇಳಿಸಿತು. ಮಗು ಇನ್ನೊಂದು ವರ್ಷ ಮಣ್ಣಾಡಲಿ ಎಂದು ಸರ್ಕಾರ ಹೇಳುವುದು, ಬೇಡ ಎಂದು ಹೆತ್ತವರು ಬೀದಿಗಿಳಿಯುವುದು: ಇದು ಲೋಕದಲ್ಲಿ ಎಲ್ಲ ಕಡೆ ಕಾಣುವ ಚಳವಳಿಯಲ್ಲ. ‘ಒಂದು ವರ್ಷ ವೇಸ್ಟು’ ಎಂಬುದು ಅವರ ಘೋಷಣೆ. ಐದು ವರ್ಷದ ಮಗುವಿನ ಒಂದು ವರ್ಷವನ್ನು ‘ವೇಸ್ಟು’ ಎನ್ನಬಲ್ಲವರು ಅದರ ಬದುಕನ್ನು ಆಗಲೇ ಹಿಂದುಮುಂದಾಗಿ, ಅಂದರೆ ಕೆಲಸದ ಆರ್ಡರಿನಿಂದ ತೊಟ್ಟಿಲ ಕಡೆಗೆ, ಓದಿ ಮುಗಿಸಿರುತ್ತಾರೆ.

ಎರಡನೆಯ ಯುದ್ಧ ಸಂದರ್ಶನ. ಕಾನೂನಿನ ಪ್ರಕಾರ ಇದು ಇರಲೇಬಾರದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಮಗುವನ್ನಾಗಲಿ ಹೆತ್ತವರನ್ನಾಗಲಿ ಪರೀಕ್ಷಿಸಿ ಸೇರಿಸಿಕೊಳ್ಳುವುದನ್ನು ನಿಷೇಧಿಸುತ್ತದೆ. ಮೊದಲ ತಪ್ಪಿಗೆ 25,000 ರೂಪಾಯಿವರೆಗೆ ದಂಡ, ಆಮೇಲಿನ ಪ್ರತಿ ತಪ್ಪಿಗೆ 50,000. ಆದರೆ ಕಾಯ್ದೆಯಲ್ಲಿ ‘ಮಗು’ ಎಂದರೆ ಆರರಿಂದ ಹದಿನಾಲ್ಕರವರೆಗಿನದು. ದುರ್ಬಲ ವರ್ಗದ ಶೇ. 25 ಸೀಟುಗಳನ್ನು ಬಿಟ್ಟರೆ ನರ್ಸರಿ ಪ್ರವೇಶಕ್ಕೆ ಇದು ಅನ್ವಯಿಸದೆಂದು ದೆಹಲಿ ಹೈಕೋರ್ಟು 2013ರಲ್ಲಿ ಹೇಳಿತು. ಆರು ತುಂಬುವವರೆಗೆ ಮಗುವಿಗೆ ಹಕ್ಕಿಲ್ಲ, ಆದ್ದರಿಂದ ಅದನ್ನು ಮೂರೂವರೆಗೇ ಕರೆದು ಕೂರಿಸುವುದು ಕ್ಷೇಮ. ಮಗುವಿಗೆ ಒಂದು ಸೇಬು ತೋರಿಸಿ ಬಣ್ಣ ಕೇಳಿದರೆ ಅದರ ಪಾಲು ಮುಗಿಯಿತು. ಬಾಕಿ ಇಪ್ಪತ್ತು ನಿಮಿಷ ಸೀಟಪ್ಪ ದಂಪತಿಯ ಪಾಲಿನದು: ಇಬ್ಬರೂ ಎಲ್ಲಿ ಓದಿದಿರಿ, ಎಲ್ಲಿ ಕೆಲಸ, ಮನೆಯಲ್ಲಿ ಯಾವ ಭಾಷೆ, ಮಗುವಿಗೆ ದಿನಕ್ಕೆ ಎಷ್ಟು ಹೊತ್ತು ಕೊಡುತ್ತೀರಿ. ಮನೆಯಲ್ಲಿ ಇಂಗ್ಲಿಷೇ ಮಾತಾಡುತ್ತೇವೆ ಎಂದು ಅವರು ಹೇಳುವ ಹೊತ್ತಿಗೆ ಸರಿಯಾಗಿ ಮಗು ‘ಅಪ್ಪಾ, ಉಚ್ಚೆ’ ಎಂದಿರುತ್ತದೆ. ಆದರೂ ಸೀಟು ಆಗುತ್ತದೆ. ಯಾಕೆಂದರೆ ಸಂಬಳದ ಚೀಟಿ ಅಚ್ಚ ಇಂಗ್ಲಿಷಿನಲ್ಲಿದೆ.

ನನ್ನ ವಾದವೆಲ್ಲ ಈ ಇಪ್ಪತ್ತು ನಿಮಿಷದ ಮೇಲೇ ನಿಂತಿದೆ. ಶಾಲೆ ಆರಿಸಿಕೊಳ್ಳುತ್ತಿರುವುದು ಮಗುವನ್ನಲ್ಲ. ಮೂರೂವರೆ ವರ್ಷದ ಕೂಸಿನಲ್ಲಿ ಆರಿಸಲು ಏನೂ ಇರುವುದಿಲ್ಲ, ಎಲ್ಲ ಕೂಸುಗಳೂ ಸೇಬು ಕೆಂಪು ಎನ್ನುತ್ತವೆ ಅಥವಾ ಅಳುತ್ತವೆ. ಆರಿಸುತ್ತಿರುವುದು ಅಪ್ಪ ಅಮ್ಮನನ್ನು: ಓದಿದವರು, ಸಂಜೆ ಹೋಂವರ್ಕ್ ಮಾಡಿಸುವವರು, ಟ್ಯೂಷನ್ನಿಗೆ ಕಳಿಸುವ ತಾಕತ್ತಿರುವವರು. ಹನ್ನೆರಡು ವರ್ಷ ಬಿಟ್ಟು ಇಂಥ ಮನೆಗಳ ಮಕ್ಕಳು ಒಳ್ಳೆಯ ಅಂಕ ತೆಗೆದಾಗ ಗೇಟಿನ ಮೇಲೆ ಫ್ಲೆಕ್ಸು ಏರುತ್ತದೆ, ನೂರಕ್ಕೆ ನೂರು ಫಲಿತಾಂಶ. ಕೆನೆಹಾಲನ್ನೇ ಹಾಕಿಸಿಕೊಂಡು, ಮೊಸರು ಗಟ್ಟಿಯಾಗಿ ಹೆಪ್ಪಾಯಿತೆಂದು ಮಡಕೆ ತನ್ನ ಬೆನ್ನು ತಟ್ಟಿಕೊಂಡಂತೆ. ಸೀಟಪ್ಪನವರು ತಮ್ಮ ಮನೆಯಿಂದಲೇ ತಂದುಕೊಟ್ಟ ಹಾಲಿಗೆ ತಾವೇ ಶುಲ್ಕ ತೆತ್ತು ಮೊಸರು ಕೊಳ್ಳುತ್ತಾರೆ, ರಸೀದಿಯನ್ನು ಜೋಪಾನವಾಗಿ ಫೈಲಿನಲ್ಲಿಡುತ್ತಾರೆ. ರಸೀದಿ ಕೊಡದ ಭಾಗವನ್ನು ಮರೆಯುತ್ತಾರೆ.

ಇದಕ್ಕೆ ಸೀಟಪ್ಪನವರ ಬಳಿ ಉತ್ತರಗಳಿವೆ, ಸುಳ್ಳು ಉತ್ತರಗಳೂ ಅಲ್ಲ. ಮೊದಲನೆಯದು, ‘ಹಾಗಾದರೆ ಸರ್ಕಾರಿ ಶಾಲೆಗೆ ಹಾಕಲೇ?’ ಒಬ್ಬರೇ ಮೇಷ್ಟರು ಮೂರು ತರಗತಿಯನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು, ನಡುವೆ ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, ಚುನಾವಣೆ ಬಂದರೆ ಮತದಾರರ ಲೆಕ್ಕ ಬರೆಯುವ ಶಾಲೆಗಳು ಇವೆ. ಅಲ್ಲಿಗೆ ನಿನ್ನ ಮಗುವನ್ನು ಕಳಿಸಿ ಸಮಾಜ ಉದ್ಧಾರ ಮಾಡು ಎಂದು ಅವರಿಗೆ ಹೇಳುವ ಅಧಿಕಾರ, ತಮ್ಮ ಮಗುವನ್ನು ಹಳದಿ ವ್ಯಾನಿಗೆ ಹತ್ತಿಸಿ ಬಂದು ಭಾಷಣ ಮಾಡುವವರಿಗಂತೂ ಇಲ್ಲ. ಎರಡನೆಯದು ಇಂಗ್ಲಿಷು. ಅದೂ ನಿಜ. ತಾಯ್ನುಡಿಯ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲವೆಂದು 2014ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಾಗ ಸೀಟಪ್ಪನವರು ಒಂದು ಸಲವೂ ಕೋರ್ಟಿನ ಮೆಟ್ಟಿಲು ಹತ್ತದೆ ಗೆದ್ದರು; ಇಂಗ್ಲಿಷು ಬಾರದೆ ಮಗ ಆಫೀಸಿನಲ್ಲಿ ಬಾಯಿ ಕಟ್ಟಿಸಿಕೊಂಡು ಕೂರಬಾರದೆಂಬ ಅವರ ಅಂಜಿಕೆಯನ್ನು ಕಂಡು ನಗುವ ಧೈರ್ಯ ನನಗಿಲ್ಲ. ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿದ ವಿಜ್ಞಾನಿಗಳ ಹೆಸರುಗಳನ್ನು ಉದುರಿಸಿ ಅವರ ಬಾಯಿ ಮುಚ್ಚಿಸಬಹುದು ಎನ್ನುವವರಿದ್ದಾರೆ. ಆದರೆ ಆ ಪಟ್ಟಿಯಲ್ಲಿ ಸೇರದೆ ಉಳಿದ ಸಹಪಾಠಿಗಳ ಹೆಸರನ್ನು ಯಾರೂ ಹೇಳುವುದಿಲ್ಲವಲ್ಲ.

ಮೂರನೆಯ ಉತ್ತರವನ್ನು ಅವರು ಜೋರಾಗಿ ಹೇಳುವುದಿಲ್ಲ: ಸಹವಾಸ. ಮಗು ಯಾರ ಪಕ್ಕ ಕೂರುತ್ತದೆ ಎಂಬುದು ಯಾವ ಪುಸ್ತಕ ಓದುತ್ತದೆ ಎಂಬುದಕ್ಕಿಂತ ದೊಡ್ಡದು. ನಿಜ ಹೇಳಬೇಕೆಂದರೆ ಕಟ್ಟಿದ ದುಡ್ಡಿಗೆ ಖಚಿತವಾಗಿ ಸಿಗುವ ಸಾಮಾನು ಇದೊಂದೇ, ಬೆಂಚಿನ ಪಕ್ಕದ ಗೆಳೆಯ ಮತ್ತು ಆ ಗೆಳೆಯನ ಅಪ್ಪ. ಶಿಕ್ಷಣ ಹಕ್ಕು ಕಾಯ್ದೆ ಕೈಹಾಕಿದ್ದು ಸರಿಯಾಗಿ ಇಲ್ಲಿಗೇ: ಖಾಸಗಿ ಶಾಲೆಯ ಶೇ. 25 ಸೀಟು ಬಡವರ ಮಕ್ಕಳಿಗೆ, ಅದೇ ಬೆಂಚಿನಲ್ಲಿ. 2012ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದಾಗ ಸೀಟಪ್ಪನವರ ವಾಟ್ಸಾಪ್ ಇನ್ನೂ ಎಳೆಯದಾಗಿತ್ತು, ಇಲ್ಲದಿದ್ದರೆ ಆ ದಿನಗಳ ಸಂದೇಶಗಳು ನಮ್ಮ ಸಮಾಜಶಾಸ್ತ್ರಕ್ಕೆ ದೊಡ್ಡ ಆಸ್ತಿಯಾಗುತ್ತಿದ್ದವು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆ ಈ ಸೀಟು ಕೊಡಬೇಕಿಲ್ಲವೆಂದು ನಮ್ಮ ರಾಜ್ಯ ನಿಯಮ ಬದಲಿಸಿತು, 2019ರಲ್ಲಿ ಹೈಕೋರ್ಟು ಅದನ್ನು ಒಪ್ಪಿತು. ಬೆಂಗಳೂರಿನಲ್ಲಿ ಹತ್ತಿರದಲ್ಲೊಂದು ಸರ್ಕಾರಿ ಶಾಲೆಯಿಲ್ಲದ ಜಾಗವನ್ನು ಹುಡುಕುವುದು ಕಷ್ಟವಾದ್ದರಿಂದ ಬೆಂಚು ಮತ್ತೆ ಮೊದಲಿನಂತಾಯಿತು. ಸೀಟಪ್ಪನವರು ಈ ಬಗ್ಗೆ ಏನೂ ಹೇಳಲಿಲ್ಲ. ಅವರು ಏನೂ ಹೇಳದ ಸಂಗತಿಗಳಲ್ಲೇ ಅವರ ನಿಜವಾದ ಅಭಿಪ್ರಾಯ ಇರುತ್ತದೆ.

ಇಷ್ಟಾದರೂ, ಎಲ್‌ಕೆಜಿಯ ಸೀಟು ಕಾಲೇಜಿನ ಸೀಟಿಗೆ ಹೆದ್ದಾರಿ ಎಂಬ ನಂಬಿಕೆ ಸರಿಯೋ ತಪ್ಪೋ ಎಂಬುದಕ್ಕೆ ಎಲ್ಲರಿಗಿಂತ ಒಳ್ಳೆಯ ಸಾಕ್ಷಿ ಸ್ವತಃ ಸೀಟಪ್ಪನವರೇ. ಮಗ ಹತ್ತನೆಯ ತರಗತಿ ಮುಗಿಸಿದ ಮರುದಿನ ಅವರು ಮಾಡುವ ಮೊದಲ ಕೆಲಸ, ಅಷ್ಟು ಕಷ್ಟಪಟ್ಟು ಹೊಗಿಸಿದ ಶಾಲೆಯಿಂದ ಟಿ.ಸಿ. ತೆಗೆಸುವುದು! ಸಿಬಿಎಸ್‌ಇ, ಐಸಿಎಸ್‌ಇ ಎಂದು ಹನ್ನೆರಡು ವರ್ಷ ಉಸಿರಾಡಿದವರು ಈಗ ರಾಜ್ಯದ ಪಿಯು ಬೋರ್ಡಿನ ಬಾಗಿಲಲ್ಲಿ, ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 615 ತೆಗೆದ ತಾಲ್ಲೂಕು ಕೇಂದ್ರದ ಹುಡುಗಿಯ ಹಿಂದೆ, ಸರತಿಯಲ್ಲಿ ನಿಂತಿರುತ್ತಾರೆ. ಪ್ಲಾಸ್ಟಿಕ್ ಫೈಲು ಅದೇ, ಸ್ವಲ್ಪ ಹಳದಿಯಾಗಿದೆ. ಸ್ವಿಮ್ಮಿಂಗ್ ಪೂಲು, ಕುದುರೆ ಸವಾರಿ, ‘ಸರ್ವತೋಮುಖ ಬೆಳವಣಿಗೆ’ ಯಾವುದನ್ನೂ ಈಗ ಅವರು ಕೇಳುವುದಿಲ್ಲ. ಕೇಳುವುದು ಎರಡೇ: ನೀಟ್, ಸಿಇಟಿ ಕೋಚಿಂಗ್ ಒಳಗೇ ಇದೆಯೋ? ಹಾಸ್ಟೆಲಿನಲ್ಲಿ ಮೊಬೈಲ್ ಕಿತ್ತುಕೊಳ್ಳುತ್ತಾರೋ? ಕರಾವಳಿಯ ಹಾಸ್ಟೆಲುಗಳಲ್ಲಿ ಬೆಳಿಗ್ಗೆ ಐದಕ್ಕೆ ಗಂಟೆ ಬಾರಿಸುತ್ತಾರೆಂದು ಕೇಳಿ ಅವರ ಕಣ್ಣು ತುಂಬುತ್ತದೆ, ಸಂತೋಷದಿಂದ. ಬರಿಯ ಪುಸ್ತಕದ ಹುಳುವಾಗುವುದನ್ನು ಕೈಲಾಸಂ ‘ಟೊಳ್ಳುಗಟ್ಟಿ’ ನಾಟಕದಲ್ಲಿ ಗೇಲಿ ಮಾಡಿ ನೂರು ವರ್ಷವಾಯಿತು, ಟೊಳ್ಳಿಗೆ ಇಷ್ಟು ದುಬಾರಿ ಹಾಸ್ಟೆಲು ಬರಬಹುದೆಂದು ಅವರಿಗೂ ಹೊಳೆದಿರಲಿಕ್ಕಿಲ್ಲ.

ಮುಂದಿನ ಲೆಕ್ಕ ಇನ್ನೂ ಒರಟು. 1994ರಿಂದ ನಡೆದು ಬಂದ ಸಿಇಟಿಯಲ್ಲಿ ಎಂಜಿನಿಯರಿಂಗ್ ರ‍್ಯಾಂಕಿಗೆ ಹಿಡಿಯುವುದು ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳಿಂದ ಅರ್ಧ, ಅದೇ ವಿಷಯಗಳ ತಲಾ 60 ಪ್ರಶ್ನೆಗಳ ಸಿಇಟಿಯಿಂದ ಅರ್ಧ. ವೈದ್ಯಕೀಯಕ್ಕೆ ನೀಟ್‌ನ 720 ಅಂಕವೇ ಎಲ್ಲ. ಉತ್ತರ ಹಾಳೆಯ ಮೇಲೆ ಸೊನ್ನೆ ತುಂಬುವಾಗ ಇಂಗ್ಲಿಷು ಮಾತಾಡಬೇಕಿಲ್ಲ, ಟೈ ಕಟ್ಟಬೇಕಿಲ್ಲ. ಹಾಗೆಂದು ಮೊದಲ ಹತ್ತು ವರ್ಷದ ಬುನಾದಿ ಸುಮ್ಮನೇನಲ್ಲ ಎಂದು ಅವರು ಹೇಳಬಹುದು, ಒಪ್ಪೋಣ. ಬುನಾದಿ ಹಾಕಿದ ಮೇಸ್ತ್ರಿಯ ಮೇಲೆ ಅಷ್ಟು ಭರವಸೆ ಇದ್ದಿದ್ದರೆ ಮೇಲಿನ ಮಹಡಿಗೂ ಅವನನ್ನೇ ಕರೆಯುತ್ತಿದ್ದರು. ಬುನಾದಿಯ ಮಾತೇ ಬಂದದ್ದಕ್ಕೆ ಇನ್ನೊಂದು: ಸರ್ಕಾರಿ ಸೀಟುಗಳಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇ. 15, ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಿದೆ. ಅರ್ಜಿ ತುಂಬುವ ರಾತ್ರಿ ಸೀಟಪ್ಪನವರಿಗೆ ಈ ಸಾಲುಗಳು ಕಣ್ಣಿಗೆ ಬೀಳುತ್ತವೆ. ಊರಿನ ಹೊಲ ಮಾರಿ ಯಾವುದರಿಂದ ತಪ್ಪಿಸಿಕೊಂಡು ಬಂದರೋ ಅದಕ್ಕೆ ಸರ್ಕಾರ ಸೀಟು ಕೊಡುತ್ತಿದೆ. ಹೆಂಡತಿಗೆ ಹೇಳದೆ ಅವರು ‘ಅನ್ವಯಿಸುವುದಿಲ್ಲ’ ಎಂಬಲ್ಲಿ ಗುರುತು ಹಾಕುತ್ತಾರೆ.

ಅದೇ ಅರ್ಜಿಯಲ್ಲಿ, ರಾಜ್ಯದಲ್ಲಿ ಕನಿಷ್ಠ ಏಳು ವರ್ಷ ಓದಿದ್ದನ್ನು ತೋರಿಸಲು, ಒಂದನೇ ತರಗತಿಯಿಂದ ಎರಡನೇ ಪಿಯುಸಿವರೆಗೆ ಯಾವ ವರ್ಷ ಎಲ್ಲಿ ಓದಿದ್ದು ಎಂಬ ವಿವರ ಕೇಳುತ್ತಾರೆ. ಎಲ್‌ಕೆಜಿಗೆ ಕಾಲಂ ಇಲ್ಲ.